ಒಂದು ಗೇಣು ಮೇಲೆ

ಹಿಂದೂಪುರ
14 ಜುಲೈ 2025, ಸೋಮವಾರ

ಹರಿತಾಗೆ,

ಕ್ಷೇಮ ಕೇಳೋ ಹೊತ್ತಲ್ಲ ಇದು, ಅದಕ್ಕೆ ಕೇಳ್ತಿಲ್ಲ. ನಾಲ್ಕು ದಿನದಿಂದ ಫೋನ್ ಮೇಲೆ ಫೋನ್ ಮಾಡ್ತಿದ್ದೀಯ. ನಾನು ಎತ್ತಲ್ಲ. ಬಾಯಾಗೆ ಆಡಿದ್ದನ್ನ ನಾಳೆ ನೀನು ಇಲ್ಲ ಅಂದ್ಬುಡಬಹುದು. ಏನು ಹೇಳೋದಿದ್ರೂ ಕಾಗದದಾಗೆ ಹೇಳು. ಅದೂ ಮದುವೆಯಾಗಿ ಬಂದ ವರ್ಷ ನಾನು ಪಕ್ಕದಾಗೆ ಕೂರಿಸ್ಕಂಡು ಬರೆಯಕ್ಕೆ ಕಲಿಸಿದ ಕನ್ನಡದಾಗೆ. ಆಫೀಸಿನ ತೆಲುಗು ನಂಗೆ ಬ್ಯಾಡ, ಅದರಾಗೆ ಬರೆದಿದ್ದು ಆಗಲೇ ಬಾಗಿಲಿಗೆ ಅಂಟ್ಕಂಡೈತೆ.

ಗುರುವಾರ ಬೆಳಿಗ್ಗೆ ಮೂರು ಜನ ಬಂದ್ರು. ಒಬ್ಬ ನೋಟೀಸು ಅಂಟಿಸ್ದ, ಒಬ್ಬ ಕೆಂಪು ಬಣ್ಣದಾಗೆ ಗೋಡೆ ಮೇಲೆ ಅಡ್ಡ ಗೀಟು ಎಳೆದ, ಇನ್ನೊಬ್ಬ ಫೋಟೋ ಹಿಡ್ಕಂಡ. ನಮ್ಮ ಸಂದಿನ ಮೂವತ್ತೊಂದು ಮನೆಗೂ ಅದೇ ಮರ್ಯಾದೆ. ಪಕ್ಕದ ಮನೆ ರಾಮಾಂಜಿನಮ್ಮನ ಮೊಮ್ಮಗಳು ಓದಿ ಹೇಳಿದ್ಲು. ಊರಿನ ಮಳೆನೀರು ಹೋಗಕ್ಕೆ ದೊಡ್ಡ ಕಾಲುವೆ ಮಾಡ್ತಾರಂತೆ. ನಮ್ಮ ಮನೆ ಸಾಲಿನ ಹಿಂದೆ ಹರಿಯೋ ಹಳ್ಳ, ಆ ವಂಕ, ಸಾಲಲ್ವಂತೆ, ಹೊಸ ಕಾಲುವೆ ಇಪ್ಪತ್ತೆರಡು ಅಡಿ ಅಗಲ ನಮ್ಮ ಸಾಲಿನ ಮೇಲೇ ಹೋಯ್ತದಂತೆ. ಯಾಕಪ್ಪಾ ಅಷ್ಟಗಲ ಅಂದ್ರೆ, ಹೋದ ಪ್ರವಾಹದಾಗೆ ಒಂದೊಂದು ಮನೆಯಾಗೂ ನೀರು ಎಷ್ಟೆತ್ತರ ನಿಂತಿತ್ತು ಅಂತ ಅಳೆದು, ಕಂಪ್ಯೂಟರಿಗೆ ಹಾಕಿ ತೆಗೆದ ಲೆಕ್ಕವಂತೆ.

ಅಳೆದೋರು ಯಾರು? ನೀನೇ ಕಣಮ್ಮಿ. ಹೋದ ಡಿಸೆಂಬರಾಗೆ, ಕಲ್ಯಾಣದುರ್ಗಕ್ಕೆ ವರ್ಗ ಆಗೋಕೆ ಮುಂಚೆ, ಟೇಪು ಹಿಡ್ಕಂಡು ಮನೆಮನೆಗೂ ಹೊಕ್ಕು, ನೀರು ಬಂದಾಗ ಗೋಡೆ ಮೇಲೆ ನಾವಿಟ್ಟಿದ್ದ ಗಂಗಮ್ಮನ ಬೊಟ್ಟು ನೋಡಿ ನೋಡಿ ಬರ್ಕಂಡೆ. ನಮ್ಮ ಸೊಸೆ ಸರ್ಕಾರದ ಕೆಲಸದಾಗವಳೆ, ಸಂದಿಗೆ ಒಳ್ಳೇದು ಮಾಡ್ತಾಳೆ ಅಂತ ನಾನೇ ನಿನ್ನ ಕೈ ಹಿಡ್ಕಂಡು ಎಲ್ಲಾರ ಮನೆಗೂ ಕರ್ಕಂಡೋಗಿದ್ದೆ. ಈಗ ಬೋರಿನ ಹತ್ರ ಬಿಂದಿಗೆ ಇಟ್ರೆ ಮಾತಾಡ್ತಿರೋರು ಸುಮ್ಮನಾಗ್ತಾರೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಗಾದೆ. ನೀನು ಊರಿಗೂ ಉಪಕಾರಿ ಆಗಲಿಲ್ಲ.

ಈ ಮನೆ ಯಾರೂ ದಾನ ಕೊಟ್ಟಿದ್ದಲ್ಲ. ಇಪ್ಪತ್ತಾರು ವರ್ಷ ದೊಡ್ಡಬಸಪ್ಪನ ಗೋಡೌನಾಗೆ ಹುಣಸೆಹಣ್ಣು ಕುಟ್ಟಿ, ಬೀಜ ಬಿಡಿಸಿ, ಕೈ ಹುಳಿಯಾಗೆ ಬೆಂದು ಕಟ್ಟಿದ್ದು. ಆ ದೊಡ್ಡಬಸಪ್ಪ ವಂಕದ ಮೇಲೆ ಕಲ್ಲು ಚಪ್ಪಡಿ ಹಾಸಿ ಲಾರಿ ನಿಲ್ಲಿಸ್ಕಂತಾನಲ್ಲ, ಅವನ ಗೋಡೆಗೆ ಒಂದು ಕೆಂಪು ಗೀಟೂ ಇಲ್ಲ. ಅದನ್ನೂ ನಿನ್ನ ಕಂಪ್ಯೂಟರನ್ನ ಕೇಳು.

ನಾನು ಖಾಲಿ ಮಾಡಲ್ಲ. ಇದನ್ನ ನಿಮ್ಮ ಆಫೀಸಿನೋರಿಗೆ ಓದಿ ಹೇಳಿದ್ರೂ ನಂಗೇನೂ ಬ್ಯಾಸರ ಇಲ್ಲ.

ಚೌಡಕ್ಕ
(ಅತ್ತೆ ಅಂತ ಬರೆಯಕ್ಕೆ ಈವತ್ತು ಮನಸ್ಸಿಲ್ಲ)


ಕಲ್ಯಾಣದುರ್ಗ
21 ಜುಲೈ 2025

ಅತ್ತೆಗೆ ನಮಸ್ಕಾರ.

ನೀನು ಬರೆಯದಿದ್ರೂ ನೀನು ನನ್ನ ಅತ್ತೆಯೇ. ನಿನ್ನ ಮಗ ಓಬುಳೇಶನ ಕೈ ಹಿಡಿಯೋಕೆ ಮುಂಚೆ, ನಾನು ಹುಟ್ಟಿದಾಗಿನಿಂದ ನಮ್ಮಪ್ಪನ ತಂಗಿ. ಅದನ್ನ ಯಾವ ನೋಟೀಸೂ ಅಳಿಸಕ್ಕಾಗಲ್ಲ.

ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತೀನಿ. ಅಳೆದಿದ್ದು ನಾನೇ, ಹೌದು. ಲೆಕ್ಕ ಮಾಡಿದ್ದು ನಾನಲ್ಲ, ಪ್ರಾಜೆಕ್ಟಿನ ಕಂಪನಿಯವರು. ಅದು ಹೆಂಗೆ ಅಂತ ಹೇಳ್ತೀನಿ, ಸಿಟ್ಟು ಮಾಡದೆ ಓದು. ಮೊದಲು ಊರಿನ ಮೇಲ್ಗಡೆ ಹೊಲ ಇತ್ತು. ಬಿದ್ದ ಮಳೆಯಾಗೆ ಅರ್ಧ ಮಣ್ಣೇ ಕುಡೀತಿತ್ತು. ಈಗ ಅಲ್ಲೆಲ್ಲ ಲೇಔಟು, ಸಿಮೆಂಟು ರೋಡು, ಆರ್‌ಸಿಸಿ ಮನೆ. ಬಿದ್ದಿದ್ದೆಲ್ಲ ಅರ್ಧ ಗಂಟೆಯಾಗೆ ಜಾರಿ ನಮ್ಮ ವಂಕಕ್ಕೆ ಬತ್ತದೆ. ಕಂಪ್ಯೂಟರು ಊರನ್ನ ತುಂಡು ತುಂಡು ಮಾಡ್ಕಂಡು, ಒಂದೊಂದು ತುಂಡಿನಿಂದ ಎಷ್ಟು ನೀರು ಯಾವ ಚರಂಡಿಗೆ ಎಷ್ಟು ಹೊತ್ತಿಗೆ ಸೇರ್ತದೆ ಅಂತ ಕೂಡಿಸ್ತದೆ. ಇದಕ್ಕೆ ಮಾಡೆಲ್ ಅಂತಾರೆ. ಅದು ಹೇಳೋದು ನಿಜವಾ ಸುಳ್ಳಾ ಅಂತ ನೋಡಕ್ಕೆ ಹಿಂದೆ ಬಂದ ಪ್ರವಾಹದ ಎತ್ತರ ಬೇಕು. ಅದಕ್ಕೆ ಸರಿಹೊಂದೋ ತನಕ ಮಾಡೆಲ್ ತಿದ್ದಿ, ಆಮೇಲೆ ಕಾಲುವೆ ಎಷ್ಟಗಲ ಬೇಕು ಅಂತ ತೆಗೀತಾರೆ. ನಮ್ಮ ಸಂದಿನ ಮೂವತ್ತೊಂದು ಎತ್ತರ ಒಂದಕ್ಕೊಂದು ಹೊಂದ್ಕಂಡಿದ್ವು. ಇಂಥಾ ಒಳ್ಳೇ ಅಳತೆ ಇನ್ನೆಲ್ಲೂ ಸಿಕ್ಕಿಲ್ಲ ಅಂತ ಕಂಪನಿಯ ಇಂಜಿನಿಯರು ಶಿವರಂಜನಿ ನನ್ನ ಹೊಗಳಿದ್ಲು.

ಈಗ ಓಬುಳೇಶ್ ಫೋನಾಗೆ ಹೇಳ್ತಾರೆ, ಒಂದೆರಡು ಎತ್ತರ ಕಮ್ಮಿ ಮಾಡಿ ಕೊಡು, ಮನೆ ಉಳೀತದೆ ಅಂತ. ಮಾಡಲ್ಲ ಅತ್ತೆ. ನೀನು ಮಾತು ಬಿಟ್ರೂ ಮಾಡಲ್ಲ. ಸುಳ್ಳು ಅಳತೆ ಮೇಲೆ ಕಾಲುವೆ ತೋಡಿ, ನಾಳೆ ನೀರು ನಿನ್ನ ಕುತ್ತಿಗೆಗೆ ಬಂದ್ರೆ ನಾನು ಯಾರ ಮುಖ ನೋಡಲಿ? ಮನೆ ಹೋದ್ರೆ ಇನ್ನೊಂದು ಕಟ್ಟಬಹುದು. ನನಗೆ ನಿನ್ನ ಮೇಲಿರೋ ಆಸೆ ಆ ಗೋಡೆ ಮೇಲಿಲ್ಲ. ಇದನ್ನ ಬರೆಯೋವಾಗ ನಾನು ಅಳ್ತಿದ್ದೀನಿ, ಆದ್ರೂ ಮಾತು ಬದಲಾಯಿಸಲ್ಲ.

ದೊಡ್ಡಬಸಪ್ಪನ ವಿಷಯ ನಂಗೆ ಗೊತ್ತಿಲ್ಲ. ಕೇಳಿ ಬರೀತೀನಿ.

ನಿನ್ನ ಅಣ್ಣನ ಮಗಳು, ನಿನ್ನ ಸೊಸೆ,
ಹರಿತಾ


ಹಿಂದೂಪುರ
2 ಆಗಸ್ಟ್ 2025

ಹರಿತಾಗೆ,

ನಿನಗೆ ಸುಳ್ಳು ಬರಿ ಅಂತ ಹೇಳಿದೋರು ಯಾರು? ಓಬುಳೇಶ ಹೇಳಿದ್ರೆ ಅವನ ಕಿವಿ ನಾನು ಹಿಂಡ್ತೀನಿ. ಹಿಂಡಿದ್ದೂ ಆಯ್ತು. ನಾನು ಕೇಳ್ತಿರೋದು ಬ್ಯಾರೆ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ? ನೀರು ತನ್ನ ಪಾಡಿಗೆ ವಂಕದಾಗೆ ಹೋಯ್ತಿತ್ತು, ಅದನ್ನ ನಮ್ಮ ಸಾಲಿನ ಮೇಲೆ ತರೋ ಪುಣ್ಯಾತ್ಮ ಯಾರು ಅಂತ.

ಇಲ್ಲಿ ಸಮಾಚಾರ ಕೇಳು. ಕೆಂಪು ಗೀಟಿನ ಮೇಲೆ ಸುಣ್ಣ ಬಳಿದ್ವಿ. ಮತ್ತೆ ಬಂದು ಎಳೆದ್ರು. ಮತ್ತೆ ಬಳಿದ್ವಿ. ಮೂರನೇ ಸಲ ಆ ಬಣ್ಣದೋನು ಡಬ್ಬಿ ಕೆಳಗಿಟ್ಟು, ಅಕ್ಕಾ ಒಂದು ಚೆಂಬು ನೀರು ಕೊಡು, ಬಿಸಿಲು ಅಂದ. ಕೊಟ್ಟೆ. ನೀರು ಕುಡಿದು ಗೀಟು ಎಳೆದೇ ಹೋದ, ಅವನ ಕೆಲಸ ಅವನದು. ಸಾಯಂಕಾಲ ನಾವು ನಮ್ಮ ಕೆಲಸ ಮಾಡಿದ್ವಿ. ಸುಣ್ಣಕ್ಕೆ ಸಂದಿನೋರೆಲ್ಲ ಸೇರಿ ಒಂದು ಮೂಟೆ ತಂದಿಟ್ಟಿದ್ದೀವಿ.

ನೀರು ಕುತ್ತಿಗೆಗೆ ಬತ್ತದೆ ಅಂತ ನನ್ನ ಹೆದರಿಸ್ತೀಯಾ? ಆ ಪ್ರವಾಹ ಕಂಡೋಳು ನಾನು, ನೀನಲ್ಲ. ನೀನಿನ್ನೂ ಆಗ ಅನಂತಪುರದ ಹಾಸ್ಟೆಲಾಗೆ ಡಿಪ್ಲೊಮಾ ಓದ್ತಿದ್ದೆ. ಮಧ್ಯಾಹ್ನ ಮೂರು ಗಂಟೆ. ಹಿತ್ತಲ ಬಾಗಿಲಿಂದ ಒಳಗೆ ಬಂತು. ಚಾಪೆ ತೇಲ್ತು, ಚಪ್ಪಲಿ ತೇಲ್ತು, ಮಂಡಿ ಮೇಲಕ್ಕೆ ಬಂದು ನಿಂತ್ಕಂತು. ನಿಮ್ಮ ಮಾವ ಪೆದ್ದಣ್ಣನೋರು ಎರಡು ಕೋಳಿ ತಬ್ಬಿಕಂಡು ಮಂಚದ ಮೇಲೆ ಕೂತ್ಬುಟ್ರು, ಇಳಿರಿ ಅಂದ್ರೆ ಇಳೀಲಿಲ್ಲ. ನಾನು ನೀರಾಗೇ ನಿಂತ್ಕಂಡು ಒಲೆಕಟ್ಟೆ ಮೇಲೆ ಗ್ಯಾಸು ಹಚ್ಚಿ ಇಡೀ ಸಂದಿಗೆ ಅನ್ನ ಸಾರು ಮಾಡ್ದೆ. ನೀರು ಇಳಿಯೋದಕ್ಕೆ ಮುಂಚೆ ಅರಿಶಿನ ಕುಂಕುಮದ ಬೊಟ್ಟಿಟ್ಟು, ಬಂದೆಯಲ್ಲ ತಾಯಿ, ಇನ್ನು ಹೋಗಿ ಬಾ ಅಂದೆ. ಗಂಗಮ್ಮ ಮನೆಗೆ ಬಂದ್ರೆ ಬೈದು ಕಳಿಸೋ ವಂಶ ಅಲ್ಲ ನಮ್ಮದು. ಗೋಡೆಗೆ ಸುಣ್ಣ ಬಳಿದ್ರೂ ಆ ಬೊಟ್ಟು ಬಿಟ್ಟು ಬಳೀತೀವಿ, ವರ್ಷಕ್ಕೊಂದು ಸಲ ಮತ್ತೆ ತಿದ್ತೀವಿ.

ಅವತ್ತು ಹೆದರದೋಳು ನಿನ್ನ ಮಾಡೆಲಿಗೆ ಹೆದರ್ತೀನಾ?

ಚೌಡಕ್ಕ


ಕಲ್ಯಾಣದುರ್ಗ
8 ಆಗಸ್ಟ್ 2025

ಅತ್ತೆ,

ಬ್ಯಾರೆ ಮಾತೆಲ್ಲ ಆಮೇಲೆ. ಈ ಒಂದು ವಿಷಯ ಸರಿಯಾಗಿ ನೆನಪು ಮಾಡ್ಕಂಡು ಬರಿ.

ಅವತ್ತು ನೀರು ಒಳಗಿದ್ದಾಗಲೇ ಒಲೆಕಟ್ಟೆ ಮೇಲೆ ಅಡಿಗೆ ಮಾಡ್ದೆ ಅಂತ ಬರೆದಿದ್ದೀಯ. ನನ್ನ ಬುಕ್ಕು ತೆಗೆದು ನೋಡ್ದೆ. ನಮ್ಮ ಮನೆ ಒಲೆಕಟ್ಟೆ ನೆಲದಿಂದ ಎರಡು ಅಡಿ. ಗೋಡೆ ಮೇಲಿನ ಬೊಟ್ಟು ಎರಡೂವರೆ ಅಡಿ. ನೀರು ಬೊಟ್ಟಿನ ತನಕ ಬಂದಿದ್ರೆ ಗ್ಯಾಸು ಸ್ಟೌವು ಮುಳುಗಬೇಕಿತ್ತು. ನೀನು ಅನ್ನ ಮಾಡಿದ್ದು ಹೆಂಗೆ?

ನೀರು ಎಲ್ಲಿ ತನಕ ಬಂದಿತ್ತು, ಬೊಟ್ಟು ಎಲ್ಲಿಟ್ಟೆ, ಎರಡನ್ನೂ ಬ್ಯಾರೆ ಬ್ಯಾರೆಯಾಗಿ ಬರಿ. ಬೈಯ್ಯೋದಿದ್ರೆ ಅದರ ಕೆಳಗೆ ಬರಿ.

ಹರಿತಾ


ಹಿಂದೂಪುರ
15 ಆಗಸ್ಟ್ 2025

ಹರಿತಾಗೆ,

ಇಂಥಾ ಮಂಕು ಪ್ರಶ್ನೆ ಓದಿದೋಳು ಕೇಳಬಹುದಾ? ಬೊಟ್ಟನ್ನ ಯಾರಾದ್ರೂ ಕಾಲಿಗೆ ಇಡ್ತಾರಾ? ನೀರು ಮುಟ್ಟಿದ ಗೆರೆ ಗಂಗಮ್ಮನ ಪಾದ. ಬೊಟ್ಟು ಇಡೋದು ಹಣೆಗೆ. ಅದಕ್ಕೆ ಗೆರೆ ಮೇಲೆ ಹೆಬ್ಬೆಟ್ಟು ಊರಿ, ಕೈ ಅಗಲಿಸಿ, ಕಿರುಬೆರಳು ಮುಟ್ಟಿದ ಕಡೆ ಇಡಬೇಕು. ಒಂದು ಗೇಣು ಮೇಲೆ. ನಮ್ಮತ್ತೆ ಹಂಗೆ ಇಡ್ತಿದ್ರು, ರಾಮಾಂಜಿನಮ್ಮನೂ ಹಂಗೇ, ಈ ಸಂದಿನಾಗೆ ಎಲ್ಲಾರೂ ಹಂಗೇ ಇಡೋದು. ಪಾದಕ್ಕೆ ಕುಂಕುಮ ಇಟ್ಟು ಆ ತಾಯಿಗೆ ಅವಮಾನ ಮಾಡ್ತೀವಾ?

ನಮ್ಮ ಮನೆಯಾಗೆ ನೀರು ಒಲೆಕಟ್ಟೆಗೆ ಎರಡು ಬೆರಳು ಕೆಳಗೆ ನಿಂತಿತ್ತು. ಕಟ್ಟೆ ಮೇಲೆ ಕಡ್ಡಿಪೆಟ್ಟಿಗೆ ಕೂಡಾ ನೆನೀಲಿಲ್ಲ.

ನೀನು ಕಂಬದೂರಿನ ಒಣ ನೆಲದಾಗೆ ಬೆಳೆದೋಳು. ಅಲ್ಲಿ ಗಂಗಮ್ಮ ಬಾರಮ್ಮಾ ಅಂತ ಬೇಡ್ಕಂಡ್ರೂ ಬರಲ್ಲ, ಇನ್ನು ಮನೆ ಒಳಗೆ ಬಂದಾಗ ಏನು ಮಾಡಬೇಕು ಅಂತ ನಿಂಗೆ ಹೇಳಿಕೊಡೋರು ಯಾರು? ಅಳೆಯೋಕೆ ಬಂದ ದಿನ ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ. ನೀನು ಕೇಳಲಿಲ್ಲ, ನಿಂಗೆ ಗೊತ್ತಿರ್ತದೆ ಅಂದ್ಕಂಡು ನಾನೂ ಹೇಳಲಿಲ್ಲ.

ಯಾಕೆ ಕೇಳ್ತಿದ್ದೀಯ ಅಂತ ಈಗ ಒಂಚೂರು ಹೊಳೀತಾ ಐತೆ. ಬೇಗ ಬರಿ.

ಅತ್ತೆ


ಕಲ್ಯಾಣದುರ್ಗ
20 ಆಗಸ್ಟ್ 2025

ಅತ್ತೆಗೆ ನಮಸ್ಕಾರ.

ತಪ್ಪು ನಂದು. ಮೊದಲು ಅದನ್ನ ಬರೀತೀನಿ, ನೀನು ಕಾಗದದಾಗೆ ಬೇಕು ಅಂದೆಯಲ್ಲ. ಮೂವತ್ತೊಂದು ಮನೆಯಾಗೂ ನೀರಿನ ಎತ್ತರ ಅಂತ ಬರ್ಕಂಡಿದ್ದು ನೀರಿನ ಎತ್ತರವೇ ಅಲ್ಲ, ಅದಕ್ಕಿಂತ ಒಂದು ಗೇಣು ಮೇಲೆ. ಎಲ್ಲಾ ಕಡೆ ಒಂದೇ ಥರ ಜಾಸ್ತಿ ಆಗಿದ್ದಕ್ಕೆ ಎಲ್ಲಾ ಒಂದಕ್ಕೊಂದು ಹೊಂದ್ಕಂಡ್ವು. ಅದನ್ನೇ ನಾವು ಒಳ್ಳೇ ಅಳತೆ ಅಂತ ಬೀಗಿದ್ವಿ. ಒಂದು ಗೇಣು ನೀರು ಅಷ್ಟು ಮನೆ ಮೇಲೆ ಜಾಸ್ತಿ ಅಂದ್ರೆ ಕಂಪ್ಯೂಟರಿಗೆ ಅದು ಎಷ್ಟೋ ಟ್ಯಾಂಕರು ನೀರು. ಅದಕ್ಕೇ ವಂಕ ಸಾಲಲ್ಲ, ಬ್ಯಾರೆ ದಾರಿ ಬೇಕು ಅಂತ ನಮ್ಮ ಸಾಲಿನ ಮೇಲೆ ಎಳೆದ್ಬುಟ್ಟಿದ್ದಾರೆ.

ನಿನ್ನ ಕಾಗದ ಬಂದ ದಿನವೇ ಹಿಂದೂಪುರದ ಬಸ್ಸು ಹತ್ತಿದೆ. ಮನೆಗೆ ಬರಲಿಲ್ಲ, ಮುಖ ತೋರ್ಸಕ್ಕೆ ಆಗಲಿಲ್ಲ. ನೇರ ಪ್ರಾಜೆಕ್ಟಿನ ಇಂಜಿನಿಯರು ಮುರಳೀಕೃಷ್ಣ ಸಾರ್ ಹತ್ರ ಹೋದೆ. ಅವರು ಪೂರ್ತಿ ಕೇಳಿಸ್ಕಂಡ್ರು. ಆಮೇಲೆ ಬಾಗಿಲು ಹಾಕ್ಸಿ, ರಿಪೋರ್ಟು ಮೇಲಕ್ಕೆ ಹೋಗಿ ಮಂಜೂರಾಗೈತೆ, ಈಗ ಬೊಟ್ಟು ಗೇಣು ಅಂತ ಹೋದ್ರೆ ನನ್ನ ನೋಡಿ ನಗ್ತಾರೆ ಅಂದ್ರು. ಅಷ್ಟಕ್ಕೇ ಬಿಡಲಿಲ್ಲ. ಆ ಸಾಲಿನಾಗೆ ನಿನ್ನ ಮನೆ ಐತೆ ಅನ್ನೋದು ಎಲ್ಲಾರಿಗೂ ಗೊತ್ತು, ಸ್ವಂತ ಮನೆ ಉಳಿಸ್ಕಳಕ್ಕೆ ಅಳತೆ ತಿದ್ದಿದ್ಲು ಅಂತ ಫೈಲಾಗೆ ಬರೆದ್ರೆ ನಿನ್ನ ಕೆಲಸ ಹೋಯ್ತದೆ ಅಂದ್ರು. ಬುದ್ಧಿ ಹೇಳೋ ಥರಾನೇ ಹೇಳಿದ್ರು.

ನಾನು ಅಲ್ಲೇ ಕೂತು ತಪ್ಪಾಗೈತೆ ಅಂತ ಅರ್ಜಿ ಬರೆದು, ಸೀಲು ಹಾಕಿಸ್ಕಂಡು ಬಂದೆ. ಕೆಲಸ ಹೋದ್ರೆ ಹೋಗಲಿ. ಆವತ್ತು ಸುಳ್ಳು ಬರೆಯಲ್ಲ ಅಂದೋಳು ಈವತ್ತು ಸುಮ್ಮನಿದ್ರೆ ಅದೂ ಸುಳ್ಳೇ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಗೇಣು ಅಂದ್ರೆ ಆಫೀಸು ಒಪ್ಪಲ್ಲ, ಅಳತೆ ಬೇಕು. ಯಾವ ಮನೆಯಾಗೆ ಯಾರು ಬೊಟ್ಟಿಟ್ರೋ ಅವರದೇ ಬಲಗೈ ಬಿಳಿ ಹಾಳೆ ಮೇಲೆ ಅಗಲಿಸಿಡ್ಸಿ, ಸುತ್ತ ಪೆನ್ಸಿಲ್ ಎಳೆದು, ಕೆಳಗೆ ಹೆಸರು ಬರೆಸಿ ಕಳಿಸು. ಮೂವತ್ತೊಂದೂ ಬೇಕು. ಶಿವರಂಜನಿ ಒಪ್ಕಂಡಿದ್ದಾಳೆ, ಅವಳು ಮತ್ತೆ ಮಾಡೆಲ್ ಓಡಿಸ್ತಾಳೆ.

ಹರಿತಾ


ಹಿಂದೂಪುರ
29 ಆಗಸ್ಟ್ 2025

ಅಮ್ಮಿ ಹರಿತಾ,

ಮೂವತ್ತೊಂದು ಕೈ ಕಳಿಸಿದ್ದೀನಿ, ಎಣಿಸ್ಕ. ಗೌರಿಹಬ್ಬದ ದಿನ ಎಲ್ಲಾರನ್ನೂ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಕರೆದೆ. ಬಂದೋರು ಬಳೆ ಹಿಂದಕ್ಕೆ ಸರಿಸಿ ಕೈ ಇಟ್ರು. ನಮ್ಮ ಸಂದಿನ ಗಂಗಾದೇವಿ ಮಾತ್ರ, ನಮ್ಮ ಬೊಟ್ಟು ತಪ್ಪು ಅಂತ ನಾವೇ ಬರ್ಕೊಡಬೇಕಾ ಅಂತ ತಕರಾರು ತೆಗೆದ್ಲು. ನಾನಂದೆ, ಬೊಟ್ಟು ಇರಬೇಕಾದ ಕಡೆ ಐತೆ ಕಣೆ, ಟೇಪು ಹಿಡಿದೋಳು ತಪ್ಪು ಮಾಡಿದ್ದು, ಅವಳೇ ಒಪ್ಪಿ ಬರೆದವಳೆ ನೋಡು ಅಂತ ನಿನ್ನ ಕಾಗದ ಓದ್ದೆ. ಎಲ್ಲಾರೂ ಕೇಳಿಸ್ಕಂಡ್ರು. ನಿನಗೆ ನಾಚಿಕೆ ಆಗ್ತದೇನೋ, ಆಗಲಿ. ಆದ್ರೆ ಆ ಕಾಗದ ಓದಿದ ಮೇಲೆ ರಾಮಾಂಜಿನಮ್ಮ, ನಿನ್ನ ಸೊಸೆ ಗಟ್ಟಿಗಿತ್ತಿ ಕಣಕ್ಕ ಅಂದ್ಲು. ಅದನ್ನೂ ಬರೀಬೇಕಲ್ಲ, ಬರೆದೆ.

ರಾಮಾಂಜಿನಮ್ಮಂದು ಸಣ್ಣ ಕೈ, ಏಳು ಇಂಚು ದಾಟಲ್ಲ. ನಂದು ಎಂಟೂಕಾಲು. ಹುಣಸೆ ಕುಟ್ಟಿದ ಕೈ ಅಗಲ ಆಗ್ತದೆ ಅಂತ ನಗಾಡಿದ್ವಿ. ಈ ಸಂದಿನಾಗೆ ನಗು ಕೇಳಿ ಒಂದೂವರೆ ತಿಂಗಳಾಗಿತ್ತು.

ಉಗುರಾಗೆ ಹೋಗೋದಕ್ಕೆ ಕೊಡಲಿ ತಗಂಡ್ರು ಈ ಜನ. ಈಗ ನೋಡಾನ, ನಮ್ಮ ಮನೆ ಅದೆಂಗೆ ಕೆಡವ್ತಾರೋ. ಲೆಕ್ಕ ಬಂದ ತಕ್ಷಣ ಬರಿ. ಸುಣ್ಣದ ಮೂಟೆ ಮುಗೀತಾ ಬಂತು.

ನಿನ್ನ ಅತ್ತೆ,
ಚೌಡಕ್ಕ


ಕಲ್ಯಾಣದುರ್ಗ
10 ಸೆಪ್ಟೆಂಬರ್ 2025

ಅತ್ತೆ,

ಲೆಕ್ಕ ಬಂತು. ಒಂದೇ ಸಲಕ್ಕೆ ಬರೆದ್ಬುಡ್ತೀನಿ. ಮೂವತ್ತು ಮನೆ ಉಳೀತದೆ. ನಮ್ಮದು ಉಳಿಯಲ್ಲ.

ಸರಿಯಾದ ಎತ್ತರ ಹಾಕಿದ ಮೇಲೆ ಕಾಲುವೆ ಹದಿನಾಲ್ಕು ಅಡಿ ಸಾಕು. ವಂಕ ಇರೋ ದಾರಿಯಾಗೇ ಆಗ್ತದೆ. ಅದಕ್ಕೆ ದೊಡ್ಡಬಸಪ್ಪನ ಚಪ್ಪಡಿ ಕೀಳಲೇಬೇಕು, ಅದರ ಕೆಳಗೆ ಎರಡೇ ಎರಡು ಪೈಪು ಇರೋದು, ನೀರು ಅಲ್ಲಿ ಕಟ್ಕಂಡು ನಮ್ಮ ಸಂದಿಗೆ ಹಿಂದಕ್ಕೆ ಬತ್ತಿತ್ತು. ಆದ್ರೆ ಸಂದಿನ ಕೊನೆಯಾಗೆ, ನಮ್ಮ ಮನೆ ಹಿಂದೆ, ವಂಕ ಗಕ್ಕಂತ ತಿರುಗ್ತದಲ್ಲ, ಆ ತಿರುವಿನಾಗೆ ಹದಿನಾಲ್ಕು ಅಡಿ ಹಿಡಿಸಲ್ಲ. ತಿರುವು ನೇರ ಮಾಡಿದ್ರೆ ನಮ್ಮ ಅಡಿಗೆಮನೆ, ನಡುಮನೆ ಎರಡೂ ಹೋಯ್ತಾವೆ. ಶಿವರಂಜನಿ ಕೈಯಾಗೆ ನಾಲ್ಕು ಸಲ ಮಾಡಿಸ್ದೆ. ಐದನೇ ಸಲ ಕೇಳಕ್ಕೆ ನಂಗೇ ನಾಚಿಕೆ ಆಯ್ತು.

ಇಪ್ಪತ್ನಾಲ್ಕನೇ ತಾರೀಕು ಬುಧವಾರ ಜನರ ಅಹವಾಲು ಕೇಳೋ ಸಭೆ ಇಟ್ಟಿದ್ದಾರೆ, ಮೇಲಿನ ಅಧಿಕಾರಿ ಬತ್ತಾರೆ. ಹೊಸ ಲೆಕ್ಕ ಅಲ್ಲಿ ಒಪ್ಪಬೇಕು ಅಂದ್ರೆ ಬೊಟ್ಟಿನ ವಿಷಯ ಸಂದಿನ ಹೆಂಗಸರು ಎದ್ದು ಹೇಳಿ ಸಹಿ ಹಾಕಬೇಕು. ನೀನು ಮೊದಲು ಹಾಕದಿದ್ರೆ ಅವರ್ಯಾರೂ ಹಾಕಲ್ಲ.

ನಿನಗೆ ಇದನ್ನೂ ಹೇಳಬೇಕು. ಹಳೇ ಲೆಕ್ಕವೇ ಉಳಿದ್ರೆ ಮೂವತ್ತೊಂದು ಮನೆ ಒಟ್ಟಿಗೆ ಕೋರ್ಟಿಗೆ ಹೋಗಬಹುದು, ನಾಲ್ಕು ವರ್ಷ ಎಳೀಬಹುದು, ಅಷ್ಟು ದಿನ ನಿನ್ನ ಮನೆ ನಿಂತಿರ್ತದೆ. ಹೊಸ ಲೆಕ್ಕಕ್ಕೆ ಸಹಿ ಹಾಕಿದ್ರೆ ನೀನೊಬ್ಬಳೇ ಆಗ್ತೀಯ. ಉಳಿದೋರಿಗೆ ನಿನ್ನ ಜತೆ ನಿಲ್ಲೋ ಅಗತ್ಯ ಇರಲ್ಲ.

ಆ ಅರ್ಜಿ ಬರೆದಿದ್ದಕ್ಕೆ ನನಗೆ ಮೆಮೋ ಕೊಟ್ಟಿದ್ದಾರೆ. ಅವತ್ತು ನನ್ನ ಸಭೆಗೆ ಬಿಡಲ್ಲ, ಕಲ್ಯಾಣದುರ್ಗದಾಗೇ ಡ್ಯೂಟಿ ಹಾಕಿದ್ದಾರೆ. ನೀನು ಸಹಿ ಹಾಕು ಅಂತ ಬರೆಯಕ್ಕೆ ನನ್ನ ಕೈಲಿ ಆಗ್ತಿಲ್ಲ. ಬ್ಯಾಡ ಅಂತಲೂ ಆಗ್ತಿಲ್ಲ. ನಂಗೆ ಬೈದಾದ್ರೂ ಒಂದು ಕಾಗದ ಬರಿ.

ಹರಿತಾ


ಹಿಂದೂಪುರ
26 ಸೆಪ್ಟೆಂಬರ್ 2025, ಶುಕ್ರವಾರ

ಹರಿತಾ,

ನಿನ್ನ ಕಾಗದ ಬಂದು ಹನ್ನೆರಡು ದಿನ ಆಯ್ತು. ನಾನು ಬರೀಲಿಲ್ಲ. ಒಂದಕ್ಷರ ಬರೆದಿದ್ರೆ ಅದು ಬೈಗುಳವೇ ಆಗ್ತಿತ್ತು. ಗಂಗಮ್ಮನಿಗೆ ಬೈದೆ, ನಿನಗೆ ಬೈದೆ, ಆ ತಿರುವಿನಾಗೆ ಸೈಟು ಆರಿಸಿದ್ದಕ್ಕೆ ನಿಮ್ಮ ಮಾವನಿಗೂ ಬೈದೆ. ಅವರು ಎಲ್ಲಾ ಕೇಳಿಸ್ಕಂಡು, ಸಹಿ ಹಾಕದಿದ್ರೆ ಏನಾಗ್ತದೆ ಚೌಡಿ ಅಂದ್ರು. ಮೂವತ್ತು ಮನೇನೂ ಹೋಯ್ತದೆ ಅಂದೆ. ಅದನ್ನ ನಾನೇ ನನ್ನ ಬಾಯಾಗೆ ಹೇಳಿದ ಮೇಲೆ ಬೈಯಕ್ಕೆ ಯಾರೂ ಉಳೀಲಿಲ್ಲ.

ಸಭೆಗೆ ಎರಡು ದಿನ ಮುಂಚೆ ಗೋಡೌನಿನ ಮೇಸ್ತ್ರಿ ಕದಿರಣ್ಣ ಬಂದಿದ್ದ. ಚಪ್ಪಡಿ ವಿಷಯ ಎತ್ತಿದೋರಿಗೆ ಬರೋ ಸುಗ್ಗಿಯಾಗೆ ಹುಣಸೆ ಕೆಲಸ ಇಲ್ಲ ಅಂತ ದೊಡ್ಡಬಸಪ್ಪ ಹೇಳಿ ಕಳಿಸಿದ್ನಂತೆ. ನಾನು ಕೇಳ್ದೆ, ಈ ಊರಿನಾಗೆ ಹುಣಸೆ ಮಂಡಿ ಅವನೊಬ್ಬನದೇನಾ, ನಮ್ಮಂಗೆ ಕುಟ್ಟೋರು ಅವನಿಗೆ ಎಲ್ಲಿ ಸಿಗ್ತಾರೋ ಕೇಳ್ಕಂಡು ಬಾ ಅಂತ. ಕದಿರಣ್ಣ ಚಪ್ಪಲಿ ಮೆಟ್ಕಂಡು ಹೋದ.

ಈಗ ಸಭೆ. ದೊಡ್ಡ ಅಧಿಕಾರಿ, ಕಣ್ಣಿಗೆ ಕನ್ನಡಕ, ವಯಸ್ಸು ಕಮ್ಮಿ. ಮುರಳೀಕೃಷ್ಣ ಎದ್ದು ನಿಂತು ತೆಲುಗಿನಾಗೆ ನಯವಾಗಿ ಹೇಳ್ದ, ಸಾರ್, ಈ ಅಳತೆ ತಿದ್ದಿದ್ದು ಆ ಸಂದಿನ ಸೊಸೆ, ಅವಳ ಮನೆ ಉಳಿಸ್ಕಳಕ್ಕೆ ಈ ಬೊಟ್ಟಿನ ಕಥೆ ಕಟ್ಟಿದ್ದಾಳೆ ಅಂತ. ಜನ ಗುಸುಗುಸು ಅಂದ್ರು. ನನ್ನ ಮೈಯೆಲ್ಲ ಉರೀತು ಕಣಮ್ಮಿ. ಎದ್ದು ಮುಂದಕ್ಕೆ ಹೋದೆ. ಹೊಸ ನಕ್ಷೆ ಮೇಜಿನ ಮೇಲಿತ್ತು. ಇದರಾಗೆ ಚೌಡಕ್ಕನ ಮನೆ ತೋರ್ಸಿ ಅಂದೆ. ಅಧಿಕಾರಿ ಹುಡುಕಿ ತಿರುವಿನ ಮೇಲೆ ಬೆರಳಿಟ್ಟ.

"ಈ ಮೂವತ್ತೊಂದು ಮನೆಯಾಗೆ ಹೋಗೋದು ಇದೊಂದೇ ಸ್ವಾಮಿ. ಇದು ನನ್ನದು. ಅಳತೆ ಬರೆದೋಳು ನನ್ನ ಸೊಸೆ. ಈಗ ಹೇಳ್ರಿ, ಅವಳು ಯಾರ ಮನೆ ಉಳಿಸ್ಕಳಕ್ಕೆ ಸುಳ್ಳು ಬರೆದ್ಲು?"

ಮುರಳೀಕೃಷ್ಣ ಕೂತ್ಕಂಡ. ಅಧಿಕಾರಿ ನನ್ನನ್ನೇ ನೋಡಿ, ಇದು ನಿಮಗೆ ಮುಂಚೆ ಗೊತ್ತಿತ್ತೇನಮ್ಮಾ ಅಂತ ಕೇಳ್ದ. ಗೊತ್ತಿದ್ದೇ ಬಂದಿದ್ದೀನಿ ಅಂದು ಪೆನ್ನು ಇಸ್ಕಂಡು ಮೊದಲ ಸಹಿ ಹಾಕ್ದೆ. ನನ್ನ ಹಿಂದೆ ಮೂವತ್ತು ಜನವೂ ಹಾಕಿದ್ರು. ಗಂಗಾದೇವಿ ಹಾಕೋವಾಗ ಅಳ್ತಿದ್ಲು.

ನಾನು ಅಲ್ಲಿಗೇ ಬಿಡಲಿಲ್ಲ. ಮೂರು ಮಾತು ಬರೆಸ್ಕಂಡೆ. ನನ್ನ ಗೋಡೆಗೆ ಗಡಾರಿ ಬೀಳೋಕೆ ಮುಂಚೆ ದೊಡ್ಡಬಸಪ್ಪನ ಚಪ್ಪಡಿ ಏಳಬೇಕು. ಮನೆಗೆ ಬದಲು ಗುಡ್ಡದ ಹಿಂದೆ ಕೊಡ್ತೀವಿ ಅನ್ನೋ ಸೈಟು ನಂಗೆ ಬ್ಯಾಡ, ಸಂದಿನ ಬಾಯಿನಾಗೆ ಸರ್ಕಾರದ ಖಾಲಿ ಜಾಗ ಐತಲ್ಲ, ಅಲ್ಲೇ ಕೊಡಬೇಕು. ನನ್ನ ಸೊಸೆ ಮೇಲಿನ ಮೆಮೋ ಹಿಂದಕ್ಕೆ ತಗಂಬೇಕು. ಮೊದಲನೇದಕ್ಕೆ ಅಧಿಕಾರಿ ಅಲ್ಲೇ ಆರ್ಡರು ಹಾಕ್ದ, ನಿನ್ನೆ ಗುರುವಾರ ಬೆಳಿಗ್ಗೆ ಚಪ್ಪಡಿ ಎದ್ದಿದ್ದನ್ನ ಇಡೀ ಸಂದು ನಿಂತು ನೋಡ್ತು. ಉಳಿದೆರಡಕ್ಕೆ ನೋಡ್ತೀನಿ ಅಂದವನೆ. ನೋಡೋ ತನಕ ವಾರಕ್ಕೊಂದು ಸಲ ಅವನ ಆಫೀಸಿನ ಮುಂದೆ ಕೂರ್ತೀನಿ. ರಾಮಾಂಜಿನಮ್ಮನೂ ಬತ್ತಾಳಂತೆ. ಯಾರೂ ಜತೆಗೆ ನಿಲ್ಲಲ್ಲ ಅಂತ ಬರೆದಿದ್ದೆಯಲ್ಲ, ನಿಂಗೆ ನಮ್ಮ ಸಂದು ಇನ್ನೂ ಪೂರ್ತಿ ಗೊತ್ತಿಲ್ಲ.

ಮನೆ ಹೋಯ್ತದೆ. ಅಳು ಬತ್ತದೆ, ಬರಲಿ, ಅದು ನಾನು ಕಟ್ಟಿದ ಮನೆ. ಆದ್ರೆ ಕೆಂಪು ಗೀಟು ಎಳೆದೋರ ಕೈಲಿ ಅದನ್ನ ಕೆಡವಿಸಲ್ಲ. ದಸರಾ ಕಳೆದ ಮೇಲೆ ಬರೋ ಭಾನುವಾರ ನಿಮ್ಮಪ್ಪ ಈರಲಿಂಗಪ್ಪ ಕಂಬದೂರಿಂದ ನಾಲ್ಕು ಆಳು ಕರ್ಕಂಡು ಬತ್ತಾನೆ. ಶೀಟು, ಬಾಗಿಲು, ಕಲ್ಲು, ಒಂದೊಂದೇ ನಾವೇ ಬಿಚ್ತೀವಿ.

ನೀನು ಶನಿವಾರವೇ ಬಾ. ಬೆಳಕಿದ್ದಾಗಲೇ ಬಸ್ಸಿಳಿ, ಆಟೋ ಮಾಡ್ಕಂಡು ಹಿಂದಿನ ದಾರಿಯಾಗೆ ಬರಬ್ಯಾಡ. ಸಂದಿನ ಬಾಯಿಂದ ಆ ಮೂವತ್ತು ಬಾಗಿಲ ಮುಂದೆ ತಲೆಯೆತ್ಕಂಡು ನಡೆದು ಬಾ. ನಾನು ನಮ್ಮ ಬಾಗಿಲಾಗೆ ನಿಂತಿರ್ತೀನಿ.

ನಿನ್ನ ಅತ್ತೆ,
ಚೌಡಕ್ಕ